ಸೀಟಿ ಊದುವ ಪ್ರೋಟೀನು

ಜೂನ್ 9, 2003. ಸೋಮವಾರ

ಸೆಕೆಂಡ್ ಪಿಯುಸಿಗೆ ಇವತ್ತು ಜೀವಕೋಶದ ಪಾಠ. ಚಾಕ್‌ಪೀಸ್ ಮುರಿದದ್ದೇ ಬಂತು, ಮನಸ್ಸೆಲ್ಲ ಮನೆಯಲ್ಲಿ. ಅಣ್ಣನಿಗೆ ಬೆಂಗಳೂರಿನ ಡಾಕ್ಟರು ಕೊಟ್ಟ ಹೊಸ ಮಾತ್ರೆ ಶುರು. ರಕ್ತದ ಕ್ಯಾನ್ಸರಿಗೆ ಮಾತ್ರೆ! ನಾನು ಓದುವಾಗ ಪುಸ್ತಕದಲ್ಲೇ ಇರಲಿಲ್ಲ.

ಸಂಜೆ

ನಮ್ಮಣ್ಣ ಗಾದಿಲಿಂಗ ಕೂಡ್ಲಿಗಿ ಬಸ್ಸಿನ ಕಂಡಕ್ಟರ್, ಅವನಿಗೆ ಪ್ರೋಟೀನು ಅಂದರೆ ಕೋಳಿಮೊಟ್ಟೆ. ಅಣ್ಣನ ಭಾಷೆಯಲ್ಲೇ ಹೇಳಿದೆ— ಹೊರಗಿನಿಂದ ಸುದ್ದಿ ಬಂದರೆ ಕೋಶದೊಳಗಿನ ಒಂದು ಪ್ರೋಟೀನು, ಬಸ್ಸು ಬಿಡಲು ನೀನು ಊದುವಂತೆ, ಎರಡು ಸೀಟಿ ಊದುತ್ತದೆ. ಅದನ್ನು ಕೇಳಿ ಇನ್ನೊಂದು, ಮತ್ತೊಂದು... ಕೊನೆಗೆ ಕೋಶ ಎರಡಾಗುತ್ತದೆ. ಆಮೇಲೆ ಸುಮ್ಮನಾಗಬೇಕು. ನಿನ್ನ ರಕ್ತದಲ್ಲಿ ಒಂದು ಕೆಟ್ಟು, ಯಾರೂ ಹೇಳದಿದ್ದರೂ ಊದುತ್ತಲೇ ಇದೆ. ಬಿಳಿ ಕೋಶಗಳು ಸಂತೆಯ ಹಾಗೆ ತುಂಬಿವೆ.

"ಹಂಗಾದ್ರ ಮಾತ್ರಿ?"

"ಸೀಟಿ ಬಾಯಿಗೆ ಬೆಂಡು ತುರುಕಿದಂಗ. ತಗದ್ರ ಮತ್ತ ಊದತೈತಿ."

"ಲೇ ನಾಗಿ, ಈಗ ತಿಳೀತು ನೋಡು" ಅಂದ. ಖುಷಿಯಾಯಿತು.

ಜುಲೈ 20, ಭಾನುವಾರ

ಬಿಳಿ ಕೋಶ ನಾರ್ಮಲ್!! ಎಡ ಹೊಟ್ಟೆಯಲ್ಲಿ ಕಲ್ಲಾಗಿದ್ದ ಗುಲ್ಮವೂ ಇಳಿದಿದೆ. ಅಣ್ಣ ಡ್ಯೂಟಿಗೆ ಹೋದ. ಅತ್ತಿಗೆ ಹೊನ್ನೂರಮ್ಮ ಅತ್ತಳು, ನಕ್ಕಳು, ಓಣಿಗೆಲ್ಲ ಮಿರ್ಚಿ ಹಂಚಿದಳು. ಒಂದು ಪ್ರೋಟೀನು, ಅದರ ಬಾಯಿಗೇ ಹೊಂದುವ ಒಂದು ಮಾತ್ರೆ! ಕುಣಿಯಬೇಕು ಅನ್ನಿಸಿತು. ಕುಣಿದೆ ಕೂಡ.

ಆಗಸ್ಟ್ 23, ಶನಿವಾರ

ಬಿಳಿ ಕೋಶ ಮತ್ತೆ ಏರಿದೆ. ಪ್ರೋಟೀನು ಆಕಾರ ಬದಲಿಸಿ ಮಾತ್ರೆಗೆ ಜಗ್ಗದಂತೆ ಆಗಿರಬಹುದು ಅಂದರು ಡಾಕ್ಟರು, ಫೋನಿನಲ್ಲಿ. ಹಾಗಾದರೆ ಬೇರೆ ಮಾತ್ರೆ ಸದ್ಯಕ್ಕಿಲ್ಲ. ಭಯ. ಬರೆಯಲಾರೆ.

ಆಗಸ್ಟ್ 24, ಭಾನುವಾರ

ಮಾತ್ರೆ ಡಬ್ಬಿ ಎತ್ತಿದೆ. ತುಂಬಿದೆ! ಏನಣ್ಣಾ ಇದು ಅಂದೆ.

"ಶ್ರಾವಣ ಅಲ್ಲೇನ? ಹಗಲೆಲ್ಲ ಉಪವಾಸ. ತಿಂಡಿ ಆದಮ್ಯಾಲೆ ತಗೋ ಅಂತ ಡಾಕ್ಟ್ರೇ ಹೇಳ್ಯಾರ. ತಿಂಡೀನ ತಿಂದಿಲ್ಲ, ಮಾತ್ರಿ ಹೆಂಗ ತಗೊಳ್ಳಿ?"

"ತಿಂಗಳೆಲ್ಲಾ?"

"ಉಳದಿದ್ದಕ್ಕ ಹರಕಿ ಹೊತ್ತಿದ್ನೆಲೇ. ನೀ ಬೈತಿ ಅಂತ ಹೇಳ್ಲಿಲ್ಲ."

ಬೈದೆ. ಚೆನ್ನಾಗಿ ಬೈದೆ. ಬೈಯುತ್ತಲೇ ನಗು ಉಕ್ಕಿತು. ಮಾತ್ರೆ ಸೋತಿರಲಿಕ್ಕಿಲ್ಲ! ಬೆಂಡು ಕಿತ್ತವನು ನಮ್ಮಣ್ಣನೇ! ಡಾಕ್ಟರನ್ನು ಕೇಳಿದೆ. ಇವತ್ತಿನಿಂದ ರಾತ್ರಿ ಊಟದ ಮೇಲೆ ಮಾತ್ರೆ. ಅಣ್ಣನ ಹರಕೆಯೂ ಉಳಿಯಿತು. ಸೀಟಿ ನಿಲ್ಲುತ್ತದೋ ಇಲ್ಲವೋ, ಇನ್ನೊಂದು ಟೆಸ್ಟ್ ಹೇಳಬೇಕು.

ಅಕ್ಟೋಬರ್ 4, ಶನಿವಾರ. ಸಂಜೆ, ಹರಪನಹಳ್ಳಿ ಬಸ್‌ಸ್ಟ್ಯಾಂಡ್

ಲ್ಯಾಬಿನಿಂದ ನೇರ ಇಲ್ಲಿಗೇ. ನಾರ್ಮಲ್. ನಾರ್ಮಲ್! ಅಣ್ಣನಿಗೆ ಇನ್ನೂ ಗೊತ್ತಿಲ್ಲ. ಬೆಂಚಿನ ಮೇಲೆ ಗೀಚುತ್ತಿದ್ದೇನೆ, ಕೂತಲ್ಲಿ ಕೂರಲಾಗುತ್ತಿಲ್ಲ. ಪಕ್ಕದ ಅಜ್ಜಿ "ಯಾಕವ್ವ ಒಬ್ಬಾಕಿನ ನಗ್ತಿ?" ಅಂದಳು.

ಕೂಡ್ಲಿಗಿ ಬಸ್ಸು ಒಳಗೆ ತಿರುಗಿತು. ಒಂದೇ ಸೀಟಿ. ನಿಂತಿತು. ಬಾಗಿಲಲ್ಲಿ ಅಣ್ಣ, ಸೀಟಿ ಇನ್ನೂ ಬಾಯಲ್ಲೇ, ನನ್ನ ಮುಖವನ್ನೇ ನೋಡುತ್ತಾ—