ನನಗೆ ಕೊಟ್ಟ ಗಾಡಿ

ಮಂಡ್ಯ, ೧೪ ಜನವರಿ ೧೯೪೬

ಇವತ್ತೂ ಬಿದ್ದೆ. ಗೋಡೆ ಹತ್ತಿ ಅಲ್ಲ, ಮರಣಬಾವಿಯ ತಳದಲ್ಲೇ. ಮಿಲಿಟರಿ ಮೋಟಾರ್ ಸೈಕಲ್ ಗಾಡಿಯನ್ನು ಒದ್ದು ಒದ್ದು ಬಲಗಾಲು ಮರಗಟ್ಟಿತ್ತು. ಕೊನೆಗೆ ಸ್ಟಾರ್ಟ್ ಆಯಿತು. ಒಂದೆರಡು ಸುತ್ತು ನೆಟ್ಟಗೆ ಬಂತು. ಆಮೇಲೆ ಹ್ಯಾಂಡಲ್ ತಿರುಗಲೇ ಇಲ್ಲ — ಹೋಗಿ ಹಲಗೆಗೆ ಗುದ್ದಿತು. ನಾನು ಕೆಳಗೆ, ಗಾಡಿ ಮೇಲೆ. ಸೈಲೆನ್ಸರ್ ತಾಗಿ ಮೀನಖಂಡದ ಚರ್ಮ ಸುಲಿದುಹೋಗಿದೆ.

ಅಡಿಗೆಯ ಪಟ್ಟಲಮ್ಮ ಲೋಳೆಸರ ಹಚ್ಚುತ್ತ ಬೈದಳು. "ಅಬ್ಬದ್ ದಿನ್ವೂ ಬಿದ್ದಲ್ಲಮ್ಮಿ. ಆ ಎಮ್ಮೆ ಮ್ಯಾಲೆ ಯಾಕ್ ಕುಂತ್ಕತೀಯ? ಸೈಕಲ್ಲು ಸಾಲ್ದಾ ನಿಂಗೆ?"

ಸಾಲದು. ಸೈಕಲ್ ಸೀಟಿನ ಮೇಲೆ ಎರಡೂ ಕೈ ಬಿಟ್ಟು ನಿಲ್ಲುತ್ತೇನೆ, ಹಿಂದುಮುಂದಾಗಿ ಕೂತು ತುಳಿಯುತ್ತೇನೆ. ಜನ ಚಪ್ಪಾಳೆ ತಟ್ಟಿ, ಎದ್ದು ಮರಣಬಾವಿ ನೋಡಲು ಹೋಗುತ್ತಾರೆ. ಬಾವಿಯ ಹಲಗೆ ಗೋಡೆಯ ಮೇಲೆ ಸುತ್ತ ಮೋಟಾರ್ ಸೈಕಲ್ ಓಡಿಸುತ್ತಿದ್ದವರು ನಾಗಯ್ಯ ಒಬ್ಬರೇ, ಮಿಲಿಟರಿಯಿಂದ ಬಂದವರು. ಅವರ ಮಂಡಿ ಹೋಯಿತು. ಇನ್ನು ಹತ್ತಬಾರದು ಅಂದರು ಡಾಕ್ಟರು. ನಮ್ಮ ಆಟದ ಕಂಪನಿಯ ಮಾಲೀಕ ಲಿಂಗಯ್ಯನವರು ಎಲ್ಲರೆದುರು ಸಾರಿದರು: ಚಿಕ್ಕಣ್ಣ, ಹೊಂಬಾಳಮ್ಮ, ಇಬ್ಬರೂ ಕಲಿಯಲಿ. ಮೊದಲು ಗೋಡೆ ಹತ್ತಿದವರಿಗೆ ಬಾವಿ.

ಕುಣಿದಾಡಿಬಿಟ್ಟೆ, ಪೆದ್ದಿ. ಮಾರನೆಯ ದಿನ ಚಿಕ್ಕಣ್ಣನಿಗೆ ಸಣ್ಣ ಗಾಡಿ ಬಂತು. ನನಗೆ ಇದು. ಕೂತರೆ ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ. ಕ್ಲಚ್ ಹಿಡಿಯಲು ಎರಡು ಕೈ ಬೇಕು.

ಚಿಕ್ಕಣ್ಣ ಮಾಲೀಕರ ಅಕ್ಕನ ಮಗ. ಅದನ್ನೇನು ಬಿಡಿಸಿ ಬರೆಯುವುದು.

೧೭ ಜನವರಿ

ಕೇಳಿಯೇಬಿಟ್ಟೆ. ಒಂದು ವಾರ ಸಣ್ಣ ಗಾಡಿ ಕೊಡಿ, ಅಷ್ಟರಲ್ಲಿ ಹತ್ತದಿದ್ದರೆ ಮತ್ತೆ ಕೇಳುವುದಿಲ್ಲ ಅಂದೆ. ಲಿಂಗಯ್ಯನವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಗಾಡಿ ಯಾವ್ದಾದ್ರೇನಮ್ಮಿ? ಗುಂಡ್ಗೆ ಇರ್ಬೇಕು. ನಾಗಯ್ಯ ಅದ್ರಾಗೇ ಅಲ್ವಾ ಇಷ್ಟ್ ವರ್ಸ ಓಡ್ಸಿದ್ದು?"

"ನಾಗಯ್ಯ ಕಲ್ತಿದ್ದು ಯಾವ್ದ್ರಾಗೆ ಅಂತ ಕೇಳಿದ್ದೀರಾ?"

"ಕಲ್ಯೋ ಮನ್ಸಿದ್ದೋರು ಇಂಗೆಲ್ಲ ಸಬೂಬು ಯೋಳಾಕಿಲ್ಲ."

ಸಬೂಬು! ಸುಟ್ಟ ಕಾಲು ತೋರಿಸಿದೆ. ಅವರು ಆ ಕಡೆ ತಿರುಗಿ ಉಗಿದರು.

ಸಂಜೆ ನಾಗಯ್ಯನವರನ್ನೇ ಕೇಳಿದೆ. ಮಂಡಿಗೆ ಎಣ್ಣೆ ತಿಕ್ಕುತ್ತ ನಿಧಾನವಾಗಿ ಹೇಳಿದರು. "ಕಲಿಯಾಕೆ ಸಣ್ದೇಯ ಕಣಮ್ಮಿ. ನಾನೂ ಅಂತದ್ರಾಗೇ ಕಲ್ತಿದ್ದು. ಕಲ್ತ್ ಮ್ಯಾಲೆ ದೊಡ್ದು ವಾಸಿ — ಗ್ವಾಡೆ ಮ್ಯಾಲೆ ಅಲ್ಲಾಡಾಕಿಲ್ಲ, ಕೈ ಬುಟ್ರೂ ಕಚ್ಕಂಡ್ ಓಯ್ತದೆ. ಆದ್ರೆ ಅಲ್ಲೀಗಂಟ ಓಗೋದೆಂಗೆ?"

"ಇದ್ನ ಅವ್ರಿಗೆ ಯೋಳಿ ಮತ್ತೆ."

ಎಣ್ಣೆ ಬಟ್ಟಲು ಪಕ್ಕಕ್ಕೆ ಸರಿಸಿದರು. ಆಮೇಲೆ — "ಮಂಡಿ ಓಗ್ಬುಟ್ಟದೆ. ಇನ್ನು ಬಾಯಿ ಬುಟ್ಟು ಅನ್ನಾನೂ ಕಳ್ಕಳ್ಳಾ?"

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರ ಮೇಲೆ ಇನ್ನೂ ಸಿಟ್ಟು ಬರುತ್ತದೆ. ಆದರೆ ಆ ಮಂಡಿ ನೋಡಿದರೆ ಬೈಯಲೂ ಆಗುವುದಿಲ್ಲ.

೨೯ ಜನವರಿ

ಚಿಕ್ಕಣ್ಣ ಗೋಡೆ ಹತ್ತಿದ. ಮೊದಲು ತಳದ ಇಳಿಜಾರು ಹಲಗೆಯ ಮೇಲೆ, ಅಲ್ಲಿಂದ ಮೇಲಕ್ಕೆ. ಚೆನ್ನಾಗಿ ಹತ್ತಿದ — ಸುಳ್ಳು ಯಾಕೆ ಬರೆಯಲಿ. ಗುಡಾರದವರೆಲ್ಲ ಓಡಿ ಬಂದರು. ನಾನೂ ಚಪ್ಪಾಳೆ ತಟ್ಟಿದೆ.

ಲಿಂಗಯ್ಯನವರು ನನ್ನ ಕಡೆ ತಿರುಗಿ, "ನೋಡ್ದಾ? ಅದು ಗಂಡ್ಸಿನ್ ಗುಂಡ್ಗೆ" ಅಂದರು.

ಸಣ್ಣ ಗಾಡಿಯ ಇಂಜಿನ್ನಿಗೂ ಮೀಸೆ ಇದೆಯೋ ಏನೋ.

ಪೆಟ್ರೋಲ್ ಇನ್ನೂ ಕೂಪನ್ನಿನ ಮೇಲೇ ಸಿಗುವುದು. ಮೊದಲು ಅವನ ಟ್ಯಾಂಕಿಗೆ. ಉಳಿದರೆ ನನಗೆ. ಇವತ್ತು ಉಳಿಯಲಿಲ್ಲ.

೩೦ ಜನವರಿ

ಬರೆಯುವುದಿಲ್ಲ. ಸಿಟ್ಟಿಗೆ ಪೆನ್ಸಿಲ್ ಮುರಿಯುತ್ತದೆ.

ಮದ್ದೂರು, ೧೯ ಫೆಬ್ರವರಿ

ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಗುಡಾರ. ಬಾವಿ ಜೋಡಿಸಿ ಆಯಿತು. ಮೊದಲ ಆಟ ಮಳವಳ್ಳಿಯಲ್ಲಂತೆ, ಇಲ್ಲಿ ಬರೀ ಪ್ರಾಕ್ಟೀಸು. ನಾನು ಈಗ ಮಿಲಿಟರಿ ಗಾಡಿಯನ್ನು ಇಳಿಜಾರು ಹಲಗೆವರೆಗೆ ತರುತ್ತೇನೆ. ಅಲ್ಲಿಂದ ಮುಂದೆ ಅದು ನನ್ನ ಮಾತು ಕೇಳುವುದಿಲ್ಲ.

ಚಿಕ್ಕಣ್ಣ ತಾನಾಗಿಯೇ ಬಂದು ಪಕ್ಕದಲ್ಲಿ ಕೂತ.

"ಸಣ್ ಗಾಡೀನ ನಿನ್ ಕೈಗೆ ಕೊಟ್ಟಿದ್ರೆ ನನ್ಗಿಂತ ಮುಂಚೆ ಅತ್ತಿರೋಳು ನೀನು. ನಂಗೊತ್ತಿಲ್ವಾ? ನಾಳೆ ಮಾವ ಕೂಪನ್ನಿಗೆ ಮಂಡ್ಯಕ್ ಓಯ್ತನೆ. ಬೆಳಿಗ್ಗೆ ಬದ್ಲಾಯಿಸ್ಕಳವಾ?"

"ನಂಗ್ ಕೊಡು ಸಾಕು. ನೀನು ಮಿಲಿಟ್ರಿದ್ ಅತ್ಬೇಡ."

ನಕ್ಕ. "ನಾನೇನ್ ನಿನ್ ತರ ಬೀಳ್ತೀನಾ?"

ಒಳ್ಳೆಯವನೇ. ಆದರೂ ಆ ಮಾತು ಅವನ ಬಾಯಿಂದಲೂ ಬಂತಲ್ಲ.

೨೦ ಫೆಬ್ರವರಿ

ಹತ್ತಿದೆ! ಹತ್ತಿದೆ!

ಸಣ್ಣ ಗಾಡಿ ಒಂದೇ ಒದೆತಕ್ಕೆ ಸ್ಟಾರ್ಟ್. ತಳದಲ್ಲಿ ಸುತ್ತು ಹಾಕಿದೆ, ಇಳಿಜಾರಿಗೆ ಏರಿದೆ, ಎಕ್ಸಲೇಟರ್ ತಿರುವಿದೆ — ಸೊಂಟ ವಾಲಿಸಿದ ಕಡೆಗೆ ಗಾಡಿ ಬಂತು. ಥೇಟ್ ನನ್ನ ಸೈಕಲ್ಲು. ಒಂದು ಕ್ಷಣ ನೆಲ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ನೋಡಿದರೆ ಗೋಡೆಯೇ ನೆಲವಾಗಿದೆ. ಹಲಗೆಗಳು ಧಡಧಡ ಅನ್ನುತ್ತಿವೆ. ಕತ್ತಿನ ಮೇಲೆ ಯಾರೋ ಮೂಟೆ ಹೇರಿದ ಹಾಗೆ. ಮೇಲಿನ ಅಂಚಿನಿಂದ ನಾಗಯ್ಯ "ಮುಂದ್ಕೇ ನೋಡು! ಮುಂದ್ಕೇ ನೋಡು!" ಅನ್ನುತ್ತಿದ್ದರು. ಇಳಿದ ಮೇಲೆ ಬಾವಿ ನಿಂತರೂ ನಾನು ತಿರುಗುತ್ತಿದ್ದೆ. ನಗು ಬಂತು. ಅಳುವೂ.

ಇಷ್ಟೇನಾ? ಇಷ್ಟಕ್ಕೇನಾ ನನ್ನ ಕಾಲು ಸುಟ್ಟಿದ್ದು, ಗುಂಡಿಗೆ ಇಲ್ಲ ಅನ್ನಿಸಿಕೊಂಡಿದ್ದು?

ಸಂತೋಷ ಅಲ್ಲಿಗೇ ಮುಗಿಯಿತು. ಬೇಡ ಬೇಡ ಅಂದರೂ ಚಿಕ್ಕಣ್ಣ ಮಿಲಿಟರಿ ಗಾಡಿ ಹತ್ತಿದ. ಇಳಿಜಾರಿನಲ್ಲಿ ಸಣ್ಣ ಗಾಡಿಗೆ ತಿರುಗಿಸುವ ಹಾಗೆ ತಿರುಗಿಸಿದ. ಅದು ತಿರುಗಲಿಲ್ಲ. ನಾನು ಬಿದ್ದ ಹಾಗೆಯೇ ಬಿದ್ದ, ಆದರೆ ನನಗಿಂತ ಎತ್ತರದಿಂದ. ಭುಜದ ಮೂಳೆ ಮುರಿದಿದೆ. ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ನನ್ನ ಕೈ ಹಿಡಿದುಕೊಂಡು, "ನೀನ್ ಯೋಳಿದ್ ದಿಟ ಕಣಮ್ಮಿ, ನೀನ್ ಯೋಳಿದ್ ದಿಟ" ಅನ್ನುತ್ತಲೇ ಇದ್ದ.

೨೧ ಫೆಬ್ರವರಿ

ಲಿಂಗಯ್ಯನವರು ಬಂದರು. ಗುಡಾರವೇ ಹಾರಿಹೋಗುವಂತೆ ಕೂಗಾಡಿದರು.

"ಆ ದರಿದ್ರದ್ ಗಾಡೀನ ನನ್ ಅಳೀನ್ಗೆ ಕೊಟ್ಟೋರ್ಯಾರು? ಅದೇನ್ ಕಲಿಯೋರ್ ಅತ್ತೋ ಗಾಡೀನಾ? ಸಣ್ದಾಗಿದ್ರೆ ಇವ್ನು ಬೀಳ್ತಿದ್ನಾ?"

ಕಿವಿಯನ್ನು ನಂಬಲಾಗಲಿಲ್ಲ. ಅದೇ ಬಾಯಿ! ಒಂದು ತಿಂಗಳಿಡೀ ನಾನು ಬಿದ್ದೆ — ಗಾಡಿಯದು ಏನೂ ತಪ್ಪಿಲ್ಲ. ಅಳಿಯ ಒಂದು ಸಲ ಬಿದ್ದ — ಗಾಡಿ ದರಿದ್ರದ್ದು! ಅಂದೇಬಿಟ್ಟೆ. ಹೀಗೇ ಅಂದೆ.

"ಗಂಟು ಕಟ್ಟು, ಓಯ್ತಾ ಇರು" ಅಂದರು.

ಕಟ್ಟಲು ಎದ್ದೆ. ಆಗ ನಾಗಯ್ಯನವರು ಕೋಲೂರಿಕೊಂಡು ಬಂದು ನಡುವೆ ನಿಂತರು. ಮೈಯೆಲ್ಲ ಬೆವರು.

"ಅವ್ಳು ಗ್ವಾಡೆ ಅತ್ತಿದ್ ನಾನ್ ನೋಡಿವ್ನಿ. ಅವ್ಳನ್ ಕಳ್ಸ್ಬುಟ್ರೆ ಮಳವಳ್ಳೀಲಿ ಬಾವಿಗ್ ಯಾರ್ ಇಳೀತಾರೆ ಬುದ್ಧಿ? ನೀವಾ?"

ಪಟ್ಟಲಮ್ಮ ನಕ್ಕುಬಿಟ್ಟಳು. ಅದು ಬಾಯಿ ಮುಚ್ಚಿ ನಗುವ ಜೀವವಲ್ಲ. ಲಿಂಗಯ್ಯನವರು ಹೊರಗೆ ಹೋದರು.

ಮಳವಳ್ಳಿ, ೧೨ ಮಾರ್ಚ್

ಇಷ್ಟು ದಿನ ದಿನಾ ಸಣ್ಣ ಗಾಡಿ. ಬರೆಯಲು ಪುರುಸೊತ್ತಿಲ್ಲ, ಬೇಕೂ ಅನ್ನಿಸಲಿಲ್ಲ. ಒಂದು ಕೈ ಬಿಟ್ಟು ಓಡಿಸುತ್ತೇನೆ. ಎರಡೂ ಬಿಡಬೇಕಾದರೆ ಮಿಲಿಟರಿ ಗಾಡಿಯೇ ಆಗಬೇಕು ಅನ್ನುತ್ತಾರೆ ನಾಗಯ್ಯ. ಈಗ ನನ್ನ ಇಷ್ಟದಿಂದ ಅದನ್ನು ಹತ್ತುತ್ತೇನೆ, ಯಾರೋ ಕೊಟ್ಟ ಶಿಕ್ಷೆ ಅಂತ ಅಲ್ಲ. ನಿನ್ನೆ ಅದನ್ನೂ ಗೋಡೆಗೆ ಏರಿಸಿದೆ.

ಇವತ್ತು ಲಿಂಗಯ್ಯನವರು ಸಮಾಧಾನವಾಗಿ ಬಂದರು. ಅದೇ ಸಂಶಯ ಹುಟ್ಟಿಸಿತು. ಕೈಯಲ್ಲಿ ಚಿಕ್ಕಣ್ಣನ ಪ್ಯಾಂಟು, ಟೋಪಿ.

"ಪಾಂಪ್ಲೆಟ್ಟೆಲ್ಲ ಮಾಸ್ಟರ್ ಚಿಕ್ಕಣ್ಣ ಅಂತ ಅಚ್ಚಾಗ್ಬುಟ್ಟದೆ. ಜಡೆ ಟೋಪಿ ಒಳೀಕ್ ತುರುಕ್ಕಂಡು ಓಡ್ಸ್ಬುಡು. ಮ್ಯಾಗ್ಲಿಂದ ಯಾರ್ಗ್ ಗೊತ್ತಾಯ್ತದೆ?"

ಪ್ಯಾಂಟು ತೆಗೆದುಕೊಂಡೆ. ಸೀರೆಯಲ್ಲಿ ಆಗುವ ಕೆಲಸ ಅಲ್ಲ. ಅವನ ಹೆಸರು ಬೇಡ ಅಂದೆ. ಮಾತು ಬೆಳೆಯಿತು. ಕೊನೆಗೆ ಕೈಯನ್ನು ಕತ್ತಿಗೆ ನೇತುಹಾಕಿಕೊಂಡ ಚಿಕ್ಕಣ್ಣನೇ ಬಂದ. "ನನ್ ಎಸ್ರಾಗೆ ಅವ್ಳ್ಯಾಕ್ ಓಡ್ಸ್ಬೇಕು ಮಾವ? ನಂಗೇ ನಾಚ್ಕೆ."

ಬೋರ್ಡು ಬರೆಯುವ ಕರಿಸಿದ್ದಯ್ಯನಿಗೆ ನನ್ನ ಹೆಸರೇ ಬರೆಯಲು ಹೇಳಿಕಳಿಸಿದ್ದಾರೆ. ಗೆದ್ದೆನೇನೋ.

೧೬ ಮಾರ್ಚ್, ಸಂಜೆ

ಗೆದ್ದೆ ಅಂತ ಬರೆದ ಕೈಯನ್ನು ಕಡಿಯಬೇಕು.

ಬಾಗಿಲ ಮುಂದಿನ ಅಟ್ಟಣೆಯ ಮೇಲೆ, ಗಾಡಿಯ ಸೀಟಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಆಟಕ್ಕೆ ಮುಂಚೆ ಇಲ್ಲಿ ಇಂಜಿನ್ ಗುಡುಗಿಸಿ ಜನ ಕರೆಯಬೇಕು. ನಾನು ಗುಡುಗಿಸುತ್ತಿಲ್ಲ. ತಲೆಯೆತ್ತಿ ನೋಡಿದರೆ ಬೋರ್ಡು: ಬೊಂಬಾಯಿಯ ಮಿಸ್ ಹೊಂಬಾಳಮ್ಮ!

ಬೊಂಬಾಯಿ! ಹಲಗೂರಲ್ಲಿ ಹುಟ್ಟಿದ ನಾನು ಮದ್ದೂರಿನಿಂದ ಆಚೆಗೆ ರೈಲು ಹತ್ತಿದವಳೇ ಅಲ್ಲ.

"ಅಲಗೂರ್ ಉಡುಗೀನ್ ನೋಡಾಕೆ ಯಾರ್ ಬತ್ತಾರಮ್ಮಿ?" ಅನ್ನುತ್ತಾರೆ ಲಿಂಗಯ್ಯನವರು. "ಅಲಗೂರೋರೂ ಬರಾಕಿಲ್ಲ."

"ಬತ್ತಾರೋ ಇಲ್ವೋ ನೋಡವಾ. ಅಲಗೂರು ಅಂತ್ಲೇ ಬರ್ಸಿ. ಅಲ್ಲೀಗಂಟ ಕಿಕ್ ಒಡ್ಯಾಕಿಲ್ಲ."

ಇಷ್ಟೆಲ್ಲ ಬಿದ್ದೆದ್ದಿದ್ದು ಬೊಂಬಾಯಿಯವಳಾಗಲಿಕ್ಕಾ? ಜನ ಸೇರುತ್ತಿದ್ದಾರೆ. ಹಲಗೆ ಬಡಿಯುತ್ತಿದ್ದಾರೆ. ಬಡಿಯಲಿ. ನಾಗಯ್ಯ ಕೆಳಗೆ ಕೋಲಿನ ಮೇಲೆ ಗಲ್ಲ ಇಟ್ಟು ಕಾಯುತ್ತಿದ್ದಾರೆ, ಎಲ್ಲಿಗೂ ಅರ್ಜೆಂಟಿಲ್ಲದವರ ಹಾಗೆ.

ಲಿಂಗಯ್ಯನವರು ಕೈ ಬೀಸಿದರು. ಕರಿಸಿದ್ದಯ್ಯ ಏಣಿ ಹತ್ತಿದ. ಬೊಂಬಾಯಿ ಅಳಿಸಿದ. ಬ್ರಷ್ ಅದ್ದಿದ. ಬರೆದ — ಅಲಗೂರು.

ಅಯ್ಯೋ! ಮಾತಿಗೆ ನಾನೂ ಹಾಗೇ ಅನ್ನುವುದು. ಬೋರ್ಡಿಗೂ ಹಾಗೇನಾ? "ಅ ಅಲ್ಲ ಕಣಣ್ಣೋ, ಹ! ಹ!" ಅಂತ ಕಿರುಚಿದೆ. ಜನಕ್ಕೆ ಇದೇ ಆಟ ಅನ್ನಿಸಿರಬೇಕು, ಚಪ್ಪಾಳೆ ತಟ್ಟುತ್ತಿದ್ದಾರೆ. ಲಿಂಗಯ್ಯನವರು ತಲೆ ಚಚ್ಚಿಕೊಳ್ಳುತ್ತಿದ್ದಾರೆ.

ಮತ್ತೆ ಹತ್ತಿದ. ಅಳಿಸಿದ. ಬರೆಯುತ್ತಿದ್ದಾನೆ... ಹ... ಲ... ಇನ್ನೊಂದೆರಡು ಅಕ್ಷರ. ಕಾಲು ಕಿಕ್ಕಿನ ಮೇಲೆ —