ಬೀರಯ್ಯ ಮಾವನ ಉಯಿಲು

ರೀ,

ಬೀರಯ್ಯ ಮಾವನ ಉಯಿಲು ಕೊನೆಗೂ ಇಂಗ್ಲೆಂಡಿನ ವೆಬ್‌ಸೈಟಿನಿಂದ ಬಂತು. ಪ್ರಿಂಟ್ ನಿಮ್ಮ ದಿಂಬಿನ ಕೆಳಗಿದೆ. ಹಳೆಯ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ನಮಗೆ ಸಿಕ್ಕವರು ಅವರೇ, ಕೊಡಗಿನ ತೋಟದ ಬಿಳಿ ದೊರೆಯ ಜೊತೆ ಅಡುಗೆಯವರಾಗಿ ಹೋದವರು. ತೀರಿಕೊಂಡು ಮೂವತ್ತು ವರ್ಷ ದಾಟಿದೆ.

ಅತ್ತೆಗೆ ಈಗಲೇ ಹೇಳಬೇಡಿ. ನಿಮ್ಮಕ್ಕನಿಗೆ ಫೋನಂತೂ ಮಾಡಲೇಬೇಡಿ, ನಿಮ್ಮ ಮಾತು ಹಿತ್ತಲಿಗೂ ಕೇಳುತ್ತದೆ. ಪ್ರತಿ ಪಿತೃಪಕ್ಷದಲ್ಲೂ "ಬದುಕಿರೋ ನಮ್ಮಣ್ಣಂಗೆ ಸತ್ತೋರ ಎಡೆ ಇಕ್ಕೀರಾ?" ಎಂದು ಗದರುವವರು ಅತ್ತೆ.

ನಾಳೆಯೇ ಎಡೆ. ಹುಣಸೂರಿನಿಂದ ಒಂದು ಬಾಳೆಲೆ ಜಾಸ್ತಿ ತನ್ನಿ.

ಸಾರು ಒಲೆಯ ಮೇಲಿದೆ. ಅತ್ತೆಯ ಮಾತ್ರೆ ಮರೆಯಬೇಡಿ.

ಸಂಜೆ ಬಂದು ನಾನೇ ಹೇಳುತ್ತೇನೆ. ಮಾವ ತಮಗಿದ್ದುದನ್ನೆಲ್ಲ "ಬಿಳಿಕೆರೆಯಲ್ಲಿರುವ ನನ್ನ ತಂಗಿಗೆ" ಎಂದು ಬರೆಸಿದ್ದಾರೆ. ಮೊದಲು ಅದನ್ನು ಹೇಳಿ, ಸಾವಿನ ಸುದ್ದಿ ಆಮೇಲೆ ಹೇಳುತ್ತೇನೆ. ನೀವು ಪಕ್ಕದಲ್ಲಿರಿ, ಸಾಕು.