ತಲೆದೂಗುವ ಮನೆಯಿಂದ

ಮೇಲಟ್ಟ, ಹರಿಹರ
ಹದಿಮೂರನೇ ತಿಂಗಳು, ನಲವತ್ತನೇ ತಾರೀಖು, ೨೨೧೯

ಹಿಂದಿನ ಕಾಲದ ನನ್ನವರಿಗೆ,

ತಾರೀಖು ನೋಡಿ ಅಜ್ಜಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳನ್ನೂ ವರ್ಷವನ್ನೂ ಹೀಗೇ ಹಿಗ್ಗಿಸಿದ್ದಾರೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ನನಗಿಂತ ಇನ್ನೂರು ವರ್ಷ ಹಿಂದಿನವರು, ನನಗೋ ಆಗಲೇ ನೂರು ದಾಟಿದೆ. ಯಾರು ಯಾರ ಕಾಲಿಗೆ ಬೀಳಬೇಕೋ ತಿಳಿಯದು. ಈ ಕಾಗದವನ್ನು ಹಿಂದಂಚೆಗೆ, ಎಂದರೆ ಕಳೆದ ಕಾಲಕ್ಕೆ ಒಯ್ಯುವ ಅಂಚೆಗೆ, ಹಾಕುತ್ತಿದ್ದೇನೆ. ಬಾಯಲ್ಲಿ ಹೇಳಿ ಬರೆಸಿದರೆ ಕಿವಿಗೆಳತಿ ನಡುವೆ ಕೈಯಾಡಿಸಿಬಿಡುತ್ತದೆ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಕಿವಿಗೆಳತಿ ಎಂದರೆ ಗೋಧಿ ಕಾಳಿನಷ್ಟು ಯಂತ್ರ. ಎಂಬತ್ತು ತುಂಬಿದವರಿಗೆಲ್ಲ ಕಿವಿಯ ಹಿಂದೆ ಕೂರಿಸುತ್ತಾರೆ. ಹೆಸರು ಮರೆತರೆ ಪಿಸುಗುಟ್ಟಿ ನೆನಪಿಸುತ್ತದೆ. ಮೊದಮೊದಲು ಹಾಯೆನಿಸಿತು. ಅದಕ್ಕೂ ಮುಂಚೆ ನಾನು ಕಸ ಗುಡಿಸುತ್ತ ಮಗ್ಗಿ ಹೇಳುತ್ತಿದ್ದೆ, ಸಂತೆಗೆ ಚೀಟಿಯಿಲ್ಲದೆ ಹೋಗುತ್ತಿದ್ದೆ, ಓಣಿಯವರ ಮೊಮ್ಮಕ್ಕಳ ಹೆಸರನ್ನೆಲ್ಲ ಮಲಗುವ ಮುನ್ನ ಒಮ್ಮೆ ನೆನೆಯುತ್ತಿದ್ದೆ. ಗೆಳತಿ ಬಂದಮೇಲೆ ಅದೆಲ್ಲ ಬಿಟ್ಟೆ. ಕೂತಲ್ಲೇ ಉತ್ತರ ಸಿಗುವಾಗ ಯಾರಿಗೆ ಬೇಕು ಆ ತಾಪತ್ರಯ? ಇದರ ಜೊತೆಗೆ ತಲೆದೂಗು ಎಂಬ ಹೊಸ ಮರ್ಯಾದೆಯೊಂದು ಹುಟ್ಟಿಕೊಂಡಿತು. ವಯಸ್ಸಾದವರು ತಪ್ಪು ಹೇಳಿದರೆ ತಿದ್ದಬಾರದು, ಹೂಂ ಎಂದು ತಲೆಯಾಡಿಸಬೇಕು. ತಿದ್ದಿದರೆ ನಮ್ಮ ಮನಸ್ಸು ನೋಯುತ್ತದಂತೆ. ಗೆಳತಿಗೂ ಇದನ್ನೇ ಕಲಿಸಿದ್ದಾರೆ. ಹೊಳೆಯ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ನಮ್ಮ ಮೇಲಟ್ಟದ ಓಣಿಯಲ್ಲಿ ಮುದುಕರು ಹೇಳಿದ್ದೆಲ್ಲ ಸರಿ. ಕಟ್ಟೆಯ ಮೇಲೆ ನಾಲ್ಕು ಜನ ಕೂತು ನಾಲ್ಕು ಬೇರೆ ಬೇರೆ ವಾರ ಹೇಳಿದರೂ ಜಗಳವೇ ಇಲ್ಲ. ನನಗೆ ಅನುಮಾನ ಹುಟ್ಟಿದ್ದು ಅಲ್ಲೇ.

ಸೊಸೆ ಹಾಲಮ್ಮನ ಜೊತೆ ದಿನಾ ಸಂಜೆ ಚೌಕಾಬಾರ ಆಡುತ್ತೇನೆ. ಕವಡೆ ಹಿಡಿದರೆ ಗಂಡನಿಗೂ ಬಿಟ್ಟುಕೊಡುವವಳಲ್ಲ ಅವಳು. ಅಂಥವಳ ಎದುರು ನಾನು ತಿಂಗಳುಗಟ್ಟಲೆ ಗೆಲ್ಲುತ್ತಿದ್ದೇನೆ ಎಂದರೆ ನಂಬಲು ನನಗೇನು ತಲೆ ಕೆಟ್ಟಿದೆಯೇ? ನಿನ್ನೆ ಬೇಕೆಂದೇ, ಅವಳ ಒಂದು ಕಾಯಿಯನ್ನೂ ಹೊಡೆಯದೆ, ನನ್ನ ಕಾಯಿಯನ್ನು ಒಳಸುತ್ತಿಗೆ ನುಗ್ಗಿಸಿದೆ. ಹೊಡೆಯದೆ ಒಳಗೆ ಹೋಗುವಂತಿಲ್ಲ, ಇದು ಮಕ್ಕಳಿಗೂ ಗೊತ್ತು. ಹಾಲಮ್ಮ ತಲೆಯಾಡಿಸಿ ಕವಡೆ ಎತ್ತಿಕೊಂಡಳು.

ಆಟದಲ್ಲಿ ತಲೆಯಾಡಿಸುವವಳು ಇನ್ನು ಯಾವ್ಯಾವುದಕ್ಕೆ ಆಡಿಸಿದ್ದಾಳೋ! ಪಂಚಮಿಗೆ ಮಗಳು ಶಿವಲೀಲೆ ತವರಿಗೆ ಬರುತ್ತಾಳೆ, ಉಂಡೆಗೆ ಎಳ್ಳು ಬೆಲ್ಲ ತಂದಿಡು ಎಂದು ಹೇಳುತ್ತಲೇ ಇದ್ದೆ. ಹೂಂ ಎನ್ನುತ್ತಿದ್ದಳು, ತರುತ್ತಿರಲಿಲ್ಲ. ಗೆಳತಿಯನ್ನು ಕೇಳಿದರೆ ಬರುತ್ತಾಳೆ ಎನ್ನುತ್ತಿತ್ತು, ಯಾವತ್ತು ಎಂದರೆ ಮಾತು ಮರೆಸುತ್ತಿತ್ತು.

ಇವತ್ತು ಬೆಳಿಗ್ಗೆ ಆ ಕಾಳನ್ನು ಕಿತ್ತು ನೀರಿನ ಲೋಟಕ್ಕೆ ಹಾಕಿ, ಹಾಲಮ್ಮನನ್ನು ಎದುರಿಗೆ ಕೂರಿಸಿಕೊಂಡೆ. ಶಿವಲೀಲೆ ಎಲ್ಲಿ, ತಲೆಯಾಡಿಸಿದರೆ ನನ್ನಾಣೆ ಎಂದೆ. ಅವಳು ಸೆರಗಿನ ತುದಿ ತಿರುವುತ್ತ ಬಾಯಿಬಿಟ್ಟಳು.

"ಅತ್ತೆ, ಶಿವಲೀಲಕ್ಕ ಹೋಗಿ ಎರಡು ವರ್ಷ ಆಯ್ತು. ನೀವೇ ಬಾಯಿಗೆ ನೀರು ಬಿಟ್ರಿ."

ಮೊದಲೆಲ್ಲ ನಿಜವನ್ನೇ ಹೇಳುತ್ತಿದ್ದಳಂತೆ. ಹೇಳಿದಾಗಲೆಲ್ಲ ನಾನು ಆಗಷ್ಟೇ ಸುದ್ದಿ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದೆನಂತೆ. ನೋಡಲಾಗದೆ ತಲೆದೂಗಲು ಕಲಿತಳು. ಪಾಪ ಅಂತಲೂ ಅನಿಸುತ್ತದೆ, ಅವಳ ಮೇಲೆ ಸಿಟ್ಟೂ ಬರುತ್ತದೆ. ಮಗಳು ಹೋದಳು, ಹೋದಳೆಂಬ ದುಃಖವನ್ನೂ ಎಲ್ಲರೂ ಸೇರಿ ನನ್ನಿಂದ ಬಚ್ಚಿಟ್ಟರಲ್ಲ ಎಂದು ಹೊಟ್ಟೆ ಉರಿಯುತ್ತದೆ. ಬೆಳಿಗ್ಗೆಯಿಂದ ಅತ್ತು ಅತ್ತು ಈಗ ಬರೆಯಲು ಕೂತಿದ್ದೇನೆ.

ನನ್ನವರೇ, ನಿಮ್ಮಲ್ಲಿ ಈ ಯಂತ್ರ ಇನ್ನೂ ಬಂದಿರಲಿಕ್ಕಿಲ್ಲ. ತಲೆಯಾಡಿಸುವ ಚಾಳಿ ಮಾತ್ರ ಆಗಲೇ ಶುರುವಾಗಿದೆ ಎಂಬ ಗುಮಾನಿ ನನಗಿದೆ. ಮನೆಯ ಹಿರಿಯರನ್ನು ಆಟದಲ್ಲಿ ಸೋಲಿಸಿ, ತಪ್ಪಿದಾಗ ತಿದ್ದಿ, ಅವರ ಜೊತೆ ವಾದಕ್ಕಿಳಿಯಿರಿ. ಹೆಸರು ನೆನಪಾಗದೆ ತಡಕಾಡುವಾಗ ಒಡನೆ ಹೇಳಿಕೊಡದೆ ಸ್ವಲ್ಪ ಕಾಯಿರಿ. ನೀವೂ ಸಂತೆಗೆ ಚೀಟಿಯಿಲ್ಲದೆ ಹೋಗಿ ಬನ್ನಿ.

ಹಾಲಮ್ಮ ಈಗ ಬಾಗಿಲಲ್ಲಿ ನಿಂತಿದ್ದಾಳೆ. ಅಕ್ಕ ಬರುತ್ತಾಳೆ ಎಂದು ನಾಳೆ ನೀವು ಮತ್ತೆ ಅಂದರೆ ನಾನೇನು ಮಾಡಲಿ ಎಂದು ಕೇಳಿದಳು. ಇದ್ದದ್ದು ಹೇಳು ಎಂದೆ. ಮತ್ತೆ ಅಷ್ಟೂ ಅಳುತ್ತೀರಲ್ಲ ಎಂದಳು.

ಅಳುತ್ತೇನೆ, ಅವಳ ತಾಯಿ ನಾನು, ಎಂದೆ.

ಇಂತಿ,
ಕೊಟ್ರಮ್ಮ